ಶಾಲಾ ಪ್ರವಾಸಕ್ಕೆ ಕಾರವಾರದ ಯುದ್ಧನೌಕೆ ಮ್ಯೂಸಿಯಂ: ನೋಡಿದವರು ಹೇಳಿ

ಜಗಳೂರು ಟೀಚರ್

ಎಲ್ಲರಿಗೂ ನಮಸ್ಕಾರ. ಜಗಳೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳ್ಕೊಡ್ತೀನಿ. ಡಿಸೆಂಬರ್‌ನಲ್ಲಿ ಒಂಬತ್ತನೇ ಕ್ಲಾಸಿನ ಪ್ರವಾಸ. ನಮ್ಮ ಕಡೆ ಪ್ರವಾಸ ಅಂದ್ರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮೈಸೂರು, ಬೃಂದಾವನದ ಕಾರಂಜಿ, ರಾತ್ರಿ ಬಸ್ಸಲ್ಲಿ ವಾಂತಿ, ಬೆಳಿಗ್ಗೆ ಊರು. ಹೆಡ್‌ಮಾಸ್ಟ್ರಿಗೂ ಅದೇ ಬಾಯಿಪಾಠ, ಡ್ರೈವರ್‌ಗೂ ಅದೇ ಬಾಯಿಪಾಠ.

ಈ ಸಲ ಕಾರವಾರಕ್ಕೆ ಹೋಗಿ ಯುದ್ಧನೌಕೆ ಮ್ಯೂಸಿಯಂ ತೋರಿಸೋಣ ಅಂತ ಮನಸ್ಸು. ಬರೋ ವರ್ಷ ಈ ಮಕ್ಕಳಿಗೆ ಯುರೋಪಿಯನ್ನರು ಭಾರತಕ್ಕೆ ಬಂದ ಪಾಠ ಇದೆ. ಬಂದರು, ಹಡಗು, ಕೋಠಿ ಅಂತ ನಾನು ಬೋರ್ಡ್ ಮೇಲೆ ಬರೀತಾ ಹೋಗ್ತೀನಿ, ಅವರು ನೋಟ್ಸಿಗೆ ಇಳಿಸ್ಕೊಳ್ತಾ ಹೋಗ್ತಾರೆ. ಬಹುಪಾಲು ಮಕ್ಕಳು ಸಮುದ್ರವನ್ನೇ ನೋಡಿಲ್ಲ. ಅವರು ಕಂಡಿರೋ ದೊಡ್ಡ ನೀರು ಅಂದ್ರೆ ಸೂಳೆಕೆರೆ, ಅದೂ ಎಲ್ಲರೂ ಅಲ್ಲ.

ಸ್ಟಾಫ್ ರೂಮಲ್ಲಿ ಒಬ್ಬರು "ಗುಜರಿ ಕಬ್ಬಿಣ ನೋಡೋಕೆ ಅಷ್ಟು ದೂರ ಹೋಗ್ಬೇಕಾ?" ಅಂದ್ರು. ನಾನೇ ನೋಡಿಲ್ಲ, ಏನಂತ ವಾದ ಮಾಡಲಿ? ಮಕ್ಕಳಿಗೆ ಅಲ್ಲಿ ನಿಜವಾಗಿ ಏನು ಸಿಗುತ್ತೆ? ಬೇರೆ ಊರಿನ ಹಡಗಿನ ಮ್ಯೂಸಿಯಂ ನೋಡಿದವರಿದ್ರೆ ಅದನ್ನೂ ಹೇಳಿ.


ಬೆಣ್ಣೆದೋಸೆ ಬಸಣ್ಣ

ಹೋಗ್ಬರ್ರಿ ಮೇಡಂ, ಅದರಾಗ ಕೇಳೋದೇನೈತಿ. ನಾವು ಗೋಕರ್ಣಕ್ಕೆ ಹೋದಾಗ ಹಂಗ ಮುಂದಕ್ಕ ಕಾರವಾರಕ್ಕೂ ಹೋಗಿದ್ವಿ. ಟ್ಯಾಗೋರ್ ಬೀಚಿಗೆ ಹತ್ತಿಕೊಂಡೇ ನಿಲ್ಸಿದಾರ, ಹುಡುಕೋ ಕೆಲಸ ಇಲ್ಲ. ನಮ್ಮ ಹುಡುಗ ಗನ್ ಮುಂದ ನಿಂತು ಫೋಟೋ ತೆಗೆಸ್ಕೊಂಡ. ಒಳಗ ಬೊಂಬಿ ನಿಲ್ಸಿದಾರ, ಕ್ಯಾಪ್ಟನ್ ಅಂತ, ಡಾಕ್ಟರ್ ಅಂತ. ಅರ್ಧ ತಾಸಿನಾಗ ಮುಗೀತು. ಆಮೇಲೆ ಕತ್ತಲಾಗೋತನ ಬೀಚಿನಾಗ ಆಡಿದ್ವಿ.


ಕೋಟೆ ಸೀನ, ದುರ್ಗ

ಬಸಣ್ಣ ಹೇಳಿದ್ದೇ ನನ್ನ ತಕರಾರು. ಅರ್ಧ ತಾಸು ಹಡಗು, ಮೂರು ತಾಸು ಬೀಚು. ಅದಕ್ಕೆ ಮ್ಯೂಸಿಯಂ ಪ್ರವಾಸ ಅಂತ ಯಾಕೆ ಹೆಸರು? ಸಮುದ್ರ ನೋಡೋಕೆ ಹೋಗ್ತೀವಿ ಅಂತ ನೇರವಾಗಿ ಹೇಳಿ, ತಪ್ಪೇನಿಲ್ಲ.

ನಾನು ಹಿಂದೆ ಒಂದೂರಲ್ಲಿ ಇಂಥದ್ದೇ ಒಂದು ಮ್ಯೂಸಿಯಂಗೆ ಹೋಗಿದ್ದೆ. ಊರಿನ ಹೆಸರು ಬೇಡ. ಗಾಜಿನ ಪೆಟ್ಟಿಗೆ ಒಳಗೆ ಹಡಗಿನ ಮಾದರಿ, ಕೆಳಗೆ ಮಾಸಿದ ಚೀಟಿ, ಓದೋಕೆ ಬಗ್ಗಿದ್ರೆ ಕಾವಲುಗಾರ ಸೀಟಿ ಊದ್ತಾನೆ. ಶಾಲೆ ಮಕ್ಕಳ ಸಾಲು ಒಂದು ಬಾಗಿಲಲ್ಲಿ ಒಳಗೆ ಬಂತು, ಇನ್ನೊಂದು ಬಾಗಿಲಲ್ಲಿ ಹೊರಗೆ ಹೋಯ್ತು, ನಡುವೆ ಒಬ್ಬರೂ ನಿಲ್ಲಲಿಲ್ಲ. ನಮ್ಮ ಕೋಟೆಯನ್ನೇ ಮಕ್ಕಳಿಗೆ ಸರಿಯಾಗಿ ತೋರಿಸಿಲ್ಲ ಕಣ್ರೀ. ಒನಕೆ ಓಬವ್ವನ ಕಿಂಡಿ ಮುಂದೆ ಫೋಟೋ, ಅಲ್ಲಿಗೆ ಕೋಟೆ ಮುಗೀತು. ಮೊದಲು ಮನೆ ನೋಡ್ಕೊಳ್ಳಿ, ಆಮೇಲೆ ಕಡಲು.


ನಿವೃತ್ತ ನಾವಿಕ, ಹರಿಹರ

ಟೀಚರಮ್ಮ, ನಾನು ನೌಕಾಪಡೆಯಲ್ಲಿ ಎಂಜಿನ್ ರೂಮ್ ಕೆಲಸದಲ್ಲಿದ್ದವನು. ಕಾರವಾರದಲ್ಲಿ ಮ್ಯೂಸಿಯಂ ಆಗಿ ನಿಂತಿರೋ ಚಾಪೆಲ್ ಅನ್ನೋ ನೌಕೆ ಮೇಲೆ ಅಲ್ಲ, ಅದೇ ಜಾತಿಯ ಇನ್ನೊಂದು ಕ್ಷಿಪಣಿ ದೋಣಿ ಮೇಲೆ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡಿ.

ಮೊದಲನೇ ಮಾತು, ಮಕ್ಕಳು ನೋಡಿದ ಕೂಡಲೇ "ಇಷ್ಟೇನಾ?" ಅಂತಾರೆ. ಸಿನಿಮಾದ ಹಡಗು ತಲೆಯಲ್ಲಿರುತ್ತೆ. ಇದು 38.6 ಮೀಟರ್ ಉದ್ದ, ಭರ್ತಿ ತೂಕ ಸುಮಾರು 245 ಟನ್, ಮೇಲೆ ಮೂವತ್ತು ಜನ. "ಇಷ್ಟೇನಾ" ಅಂದ ಆ ಹೊತ್ತಲ್ಲೇ ನೀವು ಪಾಠ ಶುರು ಮಾಡಬೇಕು. ಇಷ್ಟು ಚಿಕ್ಕದನ್ನು ಯಾಕೆ ಕಟ್ಟಿದ್ರು ಅಂತ ಕೇಳಿ.

ಡೆಕ್ ಮೇಲೆ ಎರಡೂ ಬದಿಗೆ ಎರಡೆರಡು ದಪ್ಪ ಪೆಟ್ಟಿಗೆ ಕಾಣುತ್ತೆ. ಕ್ಷಿಪಣಿ ಇರುತ್ತಿದ್ದದ್ದು ಅದರೊಳಗೆ. ಸೋವಿಯತ್ ರಷ್ಯಾದ ಪಿ-15, ಪಶ್ಚಿಮದವರು ಇಟ್ಟ ಹೆಸರು ಸ್ಟಿಕ್ಸ್. ಒಂದೊಂದು ಎರಡು ಟನ್‌ಗೂ ಹೆಚ್ಚು ತೂಕ, ತಲೆಯಲ್ಲಿ ಸುಮಾರು 500 ಕಿಲೋ ಸ್ಫೋಟಕ. 1967ರ ಅಕ್ಟೋಬರ್‌ನಲ್ಲಿ ಈಜಿಪ್ಟಿನ ಪುಟ್ಟ ದೋಣಿಗಳು ಇದೇ ಕ್ಷಿಪಣಿ ಬಿಟ್ಟು ಇಸ್ರೇಲಿನ ಐಲಾಟ್ ಅನ್ನೋ ದೊಡ್ಡ ಯುದ್ಧನೌಕೆಯನ್ನು ಮುಳುಗಿಸಿದವು. ದೊಡ್ಡ ಹಡಗು ಇದ್ದವನೇ ದೊಡ್ಡವನು ಅನ್ನೋ ಲೆಕ್ಕ ಅಲ್ಲಿಗೆ ತಪ್ಪಿತು. ಭಾರತ ಈ ದೋಣಿಗಳನ್ನ ಕೊಂಡಿದ್ದೂ ಅದಾದ ಮೇಲೇನೇ.

ಇನ್ನು ನನ್ನ ಜಾಗ, ಎಂಜಿನ್. ಈ ಜಾತಿಯ ದೋಣಿಗೆ ಮೂರು ಡೀಸೆಲ್ ಎಂಜಿನ್. ಒಂದೊಂದಕ್ಕೂ 56 ಸಿಲಿಂಡರ್, ನಕ್ಷತ್ರದ ಹಾಗೆ ಏಳು ಸಾಲು, ಸಾಲಿಗೆ ಎಂಟು. ನಿಮ್ಮ ಮಕ್ಕಳ ಮನೆಯ ಟ್ರ್ಯಾಕ್ಟರ್‌ಗೆ ಮೂರು ಸಿಲಿಂಡರ್ ಇರುತ್ತೆ, ಅದರ ಸದ್ದು ಅವರಿಗೆ ಗೊತ್ತು. 56 ಸಿಲಿಂಡರ್, ಅಂಥ ಮೂರು ಎಂಜಿನ್, ಒಂದು ಕಬ್ಬಿಣದ ಪೆಟ್ಟಿಗೆ ಒಳಗೆ ಅಂದ್ರೆ ಲೆಕ್ಕ ಅವರೇ ಹಾಕ್ಕೊಳ್ತಾರೆ. ಎಂಜಿನ್ ಓಡೋವಾಗ ನಾವು ಬಾಯಲ್ಲಿ ಮಾತಾಡಿದ್ದೇ ಇಲ್ಲ, ಎಲ್ಲಾ ಕೈಸನ್ನೆ. ಮೈಗೆಲ್ಲ ಡೀಸೆಲ್ ವಾಸನೆ. ರಜೆಗೆ ಊರಿಗೆ ಬಂದ್ರೆ ನಮ್ಮವ್ವ ಬಟ್ಟೆಯನ್ನ ಬೇರೆಯಾಗೇ ನೆನೆಹಾಕ್ತಿದ್ಲು.

ಒಳಗೆ ಇಳಿದಾಗ ಮಕ್ಕಳಿಗೆ ಒಂದೇ ಕೆಲಸ ಕೊಡಿ: ಇಲ್ಲಿ ಮನುಷ್ಯ ಎಲ್ಲಿ ಮಲಗ್ತಿದ್ದ, ಎಲ್ಲಿ ಉಣ್ತಿದ್ದ, ಕುಡಿಯೋ ನೀರು ಎಲ್ಲಿಟ್ಟಿದ್ದ, ಅಲೆ ಹೊಡೆದಾಗ ಏನು ಹಿಡ್ಕೊಂಡು ನಿಲ್ತಿದ್ದ, ಹುಡುಕಿ ಅಂತ. ಹಿಡಿಕೆಗಳನ್ನ ಎಣಿಸೋಕೆ ಹೇಳಿ. ಆಮೇಲೆ ಅರ್ಧ ತಾಸಿಗೆ ಹೊರಗೆ ಬನ್ನಿ ಅಂದ್ರೂ ಬರಲ್ಲ.


ರಣಕಹಳೆ

ನಾವಿಕರಿಗೆ ಸೆಲ್ಯೂಟ್. ಇದೇ ಹಡಗು ತಾನೇ 1971ರಲ್ಲಿ ಕರಾಚಿಗೆ ಬೆಂಕಿ ಇಟ್ಟಿದ್ದು? ಮಕ್ಕಳಿಗೆ ಅದನ್ನ ಹೇಳಿದ್ರೆ ಸಾಕು ಟೀಚರ್, ಬೇರೆ ಪಾಠ ಬೇಡ. ರೋಮಾಂಚನ ಆಗುತ್ತೆ.


ನಿವೃತ್ತ ನಾವಿಕ, ಹರಿಹರ

ಅಲ್ಲ. ಚಾಪೆಲ್ ನೌಕಾಪಡೆಗೆ ಸೇರಿದ್ದು 1976ರ ನವೆಂಬರ್‌ನಲ್ಲಿ. ಯುದ್ಧ ಮುಗಿದು ಐದು ವರ್ಷ ಆಗಿತ್ತು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ಹೋದದ್ದು ಇದರ ಅಕ್ಕಂದಿರು: ನಿಪಾತ್, ನಿರ್ಘಾತ್, ವೀರ್. ಅವು ಮೊದಲನೇ ತಂಡದ ಎಂಟು ದೋಣಿಗಳಲ್ಲಿ ಮೂರು. ಜೊತೆಗೆ ಕಿಲ್ತಾನ್, ಕಚ್ಚಾಲ್ ಅನ್ನೋ ದೊಡ್ಡ ಹಡಗು. ಪಾಕಿಸ್ತಾನದ ಖೈಬರ್, ಮುಹಾಫಿಜ್ ಮುಳುಗಿದ್ದು ಅವತ್ತೇ. ಡಿಸೆಂಬರ್ 4 ನೌಕಾಪಡೆ ದಿನ ಆದದ್ದೂ ಅದಕ್ಕೇ. ನಾಲ್ಕು ದಿನ ಬಿಟ್ಟು ವಿನಾಶ್ ಅನ್ನೋ ಇನ್ನೊಂದು ದೋಣಿ ಹೋಗಿ ಕರಾಚಿ ಬಂದರಿನ ಕಿಯಮಾರಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು.

ಮಕ್ಕಳಿಗೆ ಹೇಳೋ ಕತೆ ಬೇಕಾದ್ರೆ ಇದಕ್ಕಿಂತ ಒಳ್ಳೇದು ಇನ್ನೊಂದಿದೆ. ಈ ದೋಣಿಗಳು ಬಂದರು ಕಾಯೋಕೆ ಮಾಡಿದವು, ದೂರ ಹೋಗೋಷ್ಟು ಡೀಸೆಲ್ ಹಿಡಿಸಲ್ಲ. ಅದಕ್ಕೆ ದೊಡ್ಡ ಹಡಗಿಗೆ ಹಗ್ಗ ಕಟ್ಟಿ ಎಳೆಸ್ಕೊಂಡು ಹೋಗೋದನ್ನ ನಮ್ಮವರು ಅಭ್ಯಾಸ ಮಾಡಿದ್ರು. ಮನೆ ಕಾಯೋಕೆ ತಂದದ್ದನ್ನ ಶತ್ರುವಿನ ಬಾಗಿಲಿಗೆ ಒಯ್ದರು. ಗೆದ್ದದ್ದು ಆ ಯೋಚನೆ.


ರಣಕಹಳೆ

ಇರಬಹುದು ಸರ್, ಆದ್ರೆ ವಾಟ್ಸಾಪಲ್ಲಿ ಬಂದ ವಿಡಿಯೋದಲ್ಲಿ ಇದೇ ಹಡಗು ಅಂತಲೇ ಇತ್ತು.


ಬೆಣ್ಣೆದೋಸೆ ಬಸಣ್ಣ

ವಾಟ್ಸಾಪಿನಾಗ ದಾವಣಗೆರೆಗೆ ಸಮುದ್ರ ಬರ್ತೈತಿ ಅಂತನೂ ಬಂದಿತ್ತು ತಮ್ಮ.


ಪಿಜೆ ಬಡಾವಣೆ ಅಜ್ಜಿ

ನಾನು ಬ್ಯಾಂಕಿನಿಂದ ನಿವೃತ್ತಳು. ಮಗಳು ಅಳಿಯ ಸ್ವೀಡನ್‌ನಲ್ಲಿದ್ದಾರೆ. ಬಾಣಂತನಕ್ಕೆ ಹೋದಾಗ ಸ್ಟಾಕ್‌ಹೋಮ್‌ನಲ್ಲಿ ವಾಸಾ ಅನ್ನೋ ಹಡಗಿನ ಮ್ಯೂಸಿಯಂಗೆ ಕರ್ಕೊಂಡು ಹೋಗಿದ್ರು. "ಹಡಗು ನೋಡಿ ನಾನೇನು ಮಾಡ್ಲಿ, ಮಗೂನ ನೋಡ್ಕೊಂಡು ಮನೇಲಿರ್ತೀನಿ" ಅಂದಿದ್ದೆ. ಕೊನೆಗೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತವಳು ನಾನೇ.

ಸೀನ ಅವರು ಹೇಳಿದ ಮಾಸಿದ ಚೀಟಿಯ ಮ್ಯೂಸಿಯಂಗೆ ಇದು ಪೂರ್ತಿ ಎದುರು. ಒಂದೇ ಹಡಗಿಗೆ ಒಂದು ಕಟ್ಟಡ. ಒಳಗೆ ಹೋದ ಕೂಡಲೇ ಕತ್ತಲೆ, ತಂಪು, ಕಣ್ಣು ಹೊಂದಿಕೊಂಡ ಮೇಲೆ ನಿಮ್ಮ ತಲೆ ಮೇಲೆ ಕಪ್ಪು ಮರದ ಒಂದು ಬೆಟ್ಟ. ಕೆತ್ತನೆ ಅಂದ್ರೆ ಕೆತ್ತನೆ! ಸಿಂಹ, ರಾಜ, ದೇವತೆ, ವಿಕಾರ ಮುಖಗಳು. ಉದ್ದ 69 ಮೀಟರ್, ಫಿರಂಗಿ 64.

ಇಷ್ಟೆಲ್ಲ ಮಾಡಿ, 1628ರ ಆಗಸ್ಟ್ 10ರಂದು ಮೊದಲ ಸಲ ಹೊರಟ ಹಡಗು 1300 ಮೀಟರ್‌ನಷ್ಟು ಹೋಗಿ, ಬಂದರಿನಲ್ಲೇ, ಊರೆಲ್ಲ ದಡದಲ್ಲಿ ನೋಡ್ತಾ ಇರೋವಾಗಲೇ ಮುಳುಗಿಬಿಡ್ತು! ಮೇಲ್ಭಾಗ ಭಾರ, ತಳದಲ್ಲಿ ಸಾಕಷ್ಟು ತೂಕ ಇಲ್ಲ. ಗಾಳಿ ಬೀಸಿ ವಾಲಿತು, ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ತಮಾಷೆ ಏನಂದ್ರೆ ಹೊರಡೋ ಮುಂಚೆ ಪರೀಕ್ಷೆ ಮಾಡಿದ್ರಂತೆ. 30 ಜನ ನಾವಿಕರನ್ನ ಡೆಕ್ ಮೇಲೆ ಈ ಕಡೆಯಿಂದ ಆ ಕಡೆಗೆ ಓಡಿಸಿದ್ರು, ಹಡಗು ಎಷ್ಟು ತೂಗಾಡಿತು ಅಂದ್ರೆ ಹೆದರಿ ಓಟವನ್ನೇ ನಿಲ್ಲಿಸಿಬಿಟ್ರು. ಆದ್ರೂ ಬಿಟ್ರು ಹಡಗನ್ನ. ರಾಜನಿಗೆ ಅವಸರ, ಅವನಿಗೆ ಬೇಡ ಅನ್ನೋ ಧೈರ್ಯ ಯಾರಿಗಿತ್ತು? ಆಮೇಲೆ ವಿಚಾರಣೆ ನಡೀತು, ಯಾರಿಗೂ ಶಿಕ್ಷೆ ಆಗಲಿಲ್ಲ. ನಾನು ಸರ್ವೀಸಲ್ಲಿ ಕಂಡ ಎಷ್ಟೋ ಫೈಲುಗಳು ನೆನಪಾದವು.

ಮೇಲೆತ್ತಿದ್ದು 1961ರಲ್ಲಿ, 333 ವರ್ಷ ನೀರಲ್ಲಿದ್ದ ಮೇಲೆ. ಅಷ್ಟು ದಿನ ಮರ ಹೇಗೆ ಉಳೀತು ಅಂತ ಕೇಳಿದೆ. ಬಾಲ್ಟಿಕ್ ಸಮುದ್ರದ ನೀರಲ್ಲಿ ಉಪ್ಪು ಕಡಿಮೆಯಂತೆ, ಹಡಗಿನ ಮರ ತಿನ್ನೋ ಹುಳು ಅಲ್ಲಿ ಬದುಕಲ್ವಂತೆ. ಮೇಲೆ ಬಂದ ಮರ ಒಣಗಿ ಬಿರಿಯದ ಹಾಗೆ ಹದಿನೇಳು ವರ್ಷ ಮೇಣದಂಥ ಒಂದು ರಾಸಾಯನಿಕ ಸಿಂಪಡಿಸ್ತಾ ಇದ್ರಂತೆ.

ನನಗೆ ಹಿಡಿಸಿದ್ದು ಕೆಳಗಿನ ಒಂದು ಕೋಣೆ. ಹಡಗಲ್ಲಿ ಸಿಕ್ಕ ಎಲುಬುಗಳಿಂದ ಆ ಜನರ ಮುಖ ಮಾಡಿ ಇಟ್ಟಿದ್ದಾರೆ. ಗುಸ್ತಾವ್ ಅಂತ ಗಂಡಸಿನ ಹೆಸರಿಟ್ಟು ಎಷ್ಟೋ ವರ್ಷ ಇಟ್ಟುಕೊಂಡಿದ್ದ ಒಂದು ಅಸ್ಥಿ ಹೆಂಗಸಿನದು ಅಂತ ಡಿಎನ್‌ಎ ಪರೀಕ್ಷೆಯಲ್ಲಿ ಗೊತ್ತಾಗಿದ್ದು ಮೊನ್ನೆ ಮೊನ್ನೆ, 2023ರಲ್ಲಿ. ನಾವಿಕರು ಹೇಳಿದ ಹಾಗೆ ಟೀಚರ್, ಎಲ್ಲಿ ಮಲಗಿದ್ರು, ಏನು ಉಂಡ್ರು ಅಂತ ತೋರಿಸಿ. ಗನ್ ತಾನಾಗೇ ಕಾಣುತ್ತೆ.


ಕೋಟೆ ಸೀನ, ದುರ್ಗ

ಅಜ್ಜಿ, ಓದಿಸಿಕೊಂಡು ಹೋಯ್ತು. ಆದ್ರೆ ಅದು ಅವರ ಊರಿನ ಹಡಗು, ಅವರ ರಾಜ, ಅವರದೇ ನೀರು. ಆ ಊರಿನ ಮಗುವಿಗೆ ಅದು ಮನೆ ಕತೆ. ಜಗಳೂರಿನ ಮಗುವಿಗೂ ಕಾರವಾರದ ದೋಣಿಗೂ ಏನು ಸಂಬಂಧ? ಬಯಲುಸೀಮೆ ನಮ್ದು. ಮಳೆ ಇಲ್ಲ, ಹೊಳೆ ಇಲ್ಲ, ಇನ್ನು ಹಡಗಿನ ಮಾತೆಲ್ಲಿ. ನನ್ನ ಪ್ರಶ್ನೆ ಅಷ್ಟೇ.


ಚಂದ್ರವಳ್ಳಿ ಪಕ್ಕದ ಮನೆ

ಸೀನಣ್ಣ, ಸಂಬಂಧ ನಿನ್ನ ಕೋಟೆ ಬೆನ್ನಿಗೇ ಐತೆ. ನಾನು ಕಾಲೇಜಲ್ಲಿ ಇತಿಹಾಸ ಹೇಳ್ಕೊಡೋನು, ಬೆಳಿಗ್ಗೆ ವಾಕಿಂಗ್ ಹೋಗೋದೇ ಚಂದ್ರವಳ್ಳಿ ಕೆರೆ ಕಡೆ.

ಚಂದ್ರವಳ್ಳಿ ಅಗೆದಾಗ ಏನು ಸಿಕ್ತು ಗೊತ್ತಾ? ಶಾತವಾಹನರ ಕಾಲದ ಸೀಸದ ನಾಣ್ಯಗಳ ಜೊತೆ ರೋಮನ್ ಬೆಳ್ಳಿ ನಾಣ್ಯ. ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಮುಖ ಇರೋವು. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37. ರೋಮನ್ನರು ಟಂಕಿಸಿದ ದುಡ್ಡು ದುರ್ಗದ ಬಂಡೆ ಸಂದಿಗೆ ಹಾರಿ ಬಂತಾ? ಕೆಂಪು ಸಮುದ್ರದಿಂದ ಮುಂಗಾರು ಗಾಳಿ ಹಿಡ್ಕೊಂಡು ಹಡಗು ನಮ್ಮ ಪಶ್ಚಿಮ ಕರಾವಳಿಗೆ ಬರ್ತಿತ್ತು, ಮೆಣಸು, ಬಟ್ಟೆ, ಮಣಿ ತುಂಬ್ಕೊಂಡು ಹಿಂಗಾರು ಕಾಲದಲ್ಲಿ ವಾಪಸ್ ಹೋಗ್ತಿತ್ತು. ಬಂದರಲ್ಲಿ ಇಳಿದ ಬೆಳ್ಳಿ ಘಟ್ಟ ಹತ್ತಿ ಒಳನಾಡಿಗೆ ಬಂತು.

ಇನ್ನೊಂದು ಐತೆ. ಮಾರ್ಟಿಮರ್ ವೀಲರ್ ಅನ್ನೋ ಬ್ರಿಟಿಷ್ ಪುರಾತತ್ವಜ್ಞ 1945ರಲ್ಲಿ ಪುದುಚೇರಿ ಹತ್ರ ಅರಿಕಮೇಡು ಅನ್ನೋ ಹಳೇ ಬಂದರನ್ನ ಅಗೆದ. ಅಲ್ಲಿ ಇಟಲಿಯಿಂದ ಬಂದ ಮಡಕೆ ಚೂರು ಸಿಕ್ಕವು. ಆ ಮಡಕೆ ಯಾವ ಕಾಲದ್ದು ಅನ್ನೋದು ಇಟಲಿಯಲ್ಲಿ ಮೊದಲೇ ಗೊತ್ತಿತ್ತು. ಅದರ ಜೊತೆಗೇ ಇನ್ನೊಂದು ಥರದ ತಟ್ಟೆ ಸಿಕ್ತು, ಒಳಗಡೆ ಚುಕ್ಕಿ ಚುಕ್ಕಿ ಉರುಳಿಸಿದ ಬಳೆಯಂಥ ಸಾಲು. 1947ರಲ್ಲಿ ಅದೇ ವೀಲರ್ ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಅಗೆದ, ಚಂದ್ರವಳ್ಳಿನೂ ಅಗೆದ. ಚುಕ್ಕಿ ತಟ್ಟೆ ಇಲ್ಲೂ ಸಿಕ್ತು! ಅರಿಕಮೇಡಿನ ಕಾಲ ಗೊತ್ತಿದ್ದರಿಂದ ನಮ್ಮ ಮಣ್ಣಿನ ಪದರಕ್ಕೂ ಒಂದು ಕಾಲ ಸಿಕ್ತು. ದಕ್ಷಿಣ ಭಾರತದ ಇತಿಹಾಸಪೂರ್ವ ಕಾಲದ ಲೆಕ್ಕಕ್ಕೆ ಮೊದಲ ಗಟ್ಟಿ ಗೂಟ ಹೊಡೆದದ್ದು ಒಂದು ಬಂದರಿನ ಒಡೆದ ತಟ್ಟೆ, ಗೂಟ ನಿಂತದ್ದು ನಮ್ಮ ಜಿಲ್ಲೆಯಲ್ಲಿ. ಬಯಲುಸೀಮೆಗೂ ಕಡಲಿಗೂ ಏನು ಸಂಬಂಧ ಅಂತೀಯಲ್ಲ.


ಕೋಟೆ ಸೀನ, ದುರ್ಗ

ಅಂದ್ರೆ ರೋಮಿನವರು ದುರ್ಗಕ್ಕೆ ಬಂದಿದ್ರು ಅಂತೀರಾ ಮೇಷ್ಟ್ರೇ? ನಾಳೆ ಇದನ್ನೂ ವಿಡಿಯೋ ಮಾಡಿ ಬಿಡ್ತಾರೆ ನೋಡ್ತಾ ಇರಿ.


ಚಂದ್ರವಳ್ಳಿ ಪಕ್ಕದ ಮನೆ

ಹಂಗಂದಿಲ್ಲಪ್ಪ. ನಾಣ್ಯ ಕೈಯಿಂದ ಕೈಗೆ ದಾಟುತ್ತೆ, ರೋಮಿನವನೇ ಹೊತ್ಕೊಂಡು ಬರಬೇಕಿಲ್ಲ. ಆ ಚುಕ್ಕಿ ತಟ್ಟೆ ಕೂಡ ಹೊರದೇಶದ್ದು ಅಂತ ವೀಲರ್ ಅಂದುಕೊಂಡಿದ್ದ. ಈಗಿನ ವಿದ್ವಾಂಸರು ಮಣ್ಣು ಪರೀಕ್ಷೆ ಮಾಡಿ ಅದು ಭಾರತದಲ್ಲೇ ಮಾಡಿದ್ದು ಅಂತಾರೆ. ಅದರಿಂದ ಕತೆ ಇನ್ನೂ ಚೆಂದ ಆಯ್ತು: ನಮ್ಮ ಕುಂಬಾರರ ಸಾಮಾನೇ ಕರಾವಳಿ ಸುತ್ತಿ ಒಳನಾಡಿಗೆ ಬರೋವಷ್ಟು ವ್ಯಾಪಾರ ಇತ್ತು.

ಟೀಚರ್, ನಿಮಗೆ ಒಂದು ದಾರಿ ಹೇಳ್ತೀನಿ. ಚಂದ್ರವಳ್ಳಿಯಲ್ಲಿ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಐತೆ, ಕೆರೆ ವಿಚಾರದ್ದು. ಮಯೂರಶರ್ಮನ ರಾಜಧಾನಿ ಬನವಾಸಿ, ಶಿರಸಿ ಹತ್ರ, ನೀವು ಕಾರವಾರಕ್ಕೆ ಹೋಗೋ ದಾರಿಗೆ ಸ್ವಲ್ಪ ಬಳಸು. ಕಾರವಾರದ ನೌಕಾನೆಲೆಗೆ 2005ರಲ್ಲಿ ಇಟ್ಟ ಹೆಸರೇ ಐಎನ್‌ಎಸ್ ಕದಂಬ. ನೆಲೆಯ ಒಳಗೆ ಬಿಡಲ್ಲ, ಹೊರಗಿನಿಂದ ಬೋರ್ಡ್ ತೋರಿಸಿ. ಕೆರೆ ಕಟ್ಟಿಸಿದ ಮನೆತನದ ಹೆಸರು ಕಡಲ ಬಾಗಿಲಲ್ಲಿ ಯಾಕೆ ಬಂತು ಅಂತ ಮಕ್ಕಳೇ ಕೇಳ್ತಾರೆ.


ಮಿಲ್ಲು ಸೈರನ್

ಮೇಷ್ಟ್ರು ಎರಡು ಸಾವಿರ ವರ್ಷ ಹಿಂದಕ್ಕೆ ಹೋದ್ರು, ನಾನು ನೂರೈವತ್ತಕ್ಕೆ ನಿಲ್ತೀನಿ. ಹಳೇ ದಾವಣಗೆರೆಯಲ್ಲಿ ಹತ್ತಿ ಮಿಲ್ಲಿನ ಸೈರನ್‌ಗೆ ಗಡಿಯಾರ ತಿದ್ದಿಕೊಂಡು ಬೆಳೆದವರು ನಾವು. ಹತ್ತಿಗೂ ಆ ಕರಾವಳಿಗೂ ಇರೋ ನಂಟು ಜನಕ್ಕೆ ಮರೆತೇಹೋಗಿದೆ.

ರೈಲು ಬರೋಕೆ ಮುಂಚೆ ಧಾರವಾಡ, ಹುಬ್ಬಳ್ಳಿ ಸೀಮೆಯ ಹತ್ತಿ ಎತ್ತಿನ ಗಾಡಿ, ಹೇರೆತ್ತುಗಳ ಮೇಲೆ ಶಿರಸಿ ದಾಟಿ ಘಟ್ಟ ಇಳಿದು ಕುಮಟೆಗೆ ಹೋಗ್ತಿತ್ತು. ಅಲ್ಲಿಂದ ಹಾಯಿ ಹಡಗಿನಲ್ಲಿ ಮುಂಬೈ, ಮುಂಬೈಯಿಂದ ಇಂಗ್ಲೆಂಡು. ಬೆಳೆದದ್ದು ಕಪ್ಪು ಮಣ್ಣಲ್ಲಿ, ಆದರೂ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. ರೈತನ ಊರು ಯಾರಿಗೂ ಬೇಡ, ಹಡಗು ಹತ್ತಿಸಿದ ಊರಿಗೆ ಕೀರ್ತಿ!

1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿನ ಹತ್ತಿ ನಿಂತು ಇಂಗ್ಲೆಂಡಿನ ಮಿಲ್ಲುಗಳಿಗೆ ಕಚ್ಚಾ ಮಾಲಿಲ್ಲ. ಆಗ ಎಲ್ಲರ ಕಣ್ಣು ನಮ್ಮ ಕಡೆ. ಉತ್ತರ ಕನ್ನಡವನ್ನ ಮದರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದು 1862ರಲ್ಲಿ. ಕಾರವಾರದಲ್ಲಿ ದೊಡ್ಡ ಬಂದರು, ಘಟ್ಟಕ್ಕೆ ಗಾಡಿ ರಸ್ತೆ ಅನ್ನೋ ಯೋಜನೆಗಳ ಹಿಂದೆ ಇದ್ದದ್ದು ಇದೇ ಹತ್ತಿ. ಆಮೇಲೆ ಹುಬ್ಬಳ್ಳಿಯಿಂದ ಗೋವೆಯ ಮರ್ಮಗೋವಾಕ್ಕೆ ರೈಲು ಬಂತು, ಕುಮಟೆ ಮಂಕಾಯ್ತು. ನಿಮ್ಮ ಬಸ್ಸು ಶಿರಸಿಯಿಂದ ದೇವಿಮನೆ ಘಟ್ಟ ಇಳಿದ್ರೆ ಅದೇ ಹತ್ತಿಯ ದಿಕ್ಕು. ಕಿಟಕಿ ಪಕ್ಕ ಕೂತ ಮಕ್ಕಳಿಗೆ ಇದನ್ನ ಹೇಳಿ. ನಿಮ್ಮ ತಾಲ್ಲೂಕಿನ ಎಷ್ಟೋ ಮನೆಯಲ್ಲಿ ಈಗಲೂ ಹತ್ತಿ ಹಾಕ್ತಾರಲ್ಲ.


ವೈಜಾಗ್ ನೋಡಿದವ

ಎಲ್ಲರೂ ಕಾರವಾರ ಅಂತೀರಿ, ನಾನು ವಿಶಾಖಪಟ್ಟಣದ ಪರ. ಶಾಲೆ ಮಕ್ಕಳಿಗೆ ದೂರ ಆಯ್ತು, ಒಪ್ತೀನಿ. ಗುಂತಕಲ್‌ಗೆ ಹೋಗಿ ರೈಲು ಹಿಡಿದು ಮರುದಿನ ಇಳೀಬೇಕು. ಆದ್ರೆ ಮನೆಯವರ ಜೊತೆ ಹೋಗೋರು ಬಿಡಬೇಡಿ.

ರಾಮಕೃಷ್ಣ ಬೀಚಿನಲ್ಲಿ ಕುರ್ಸುರಾ ಜಲಾಂತರ್ಗಾಮಿಯನ್ನ ಹಂಗೇ ದಡಕ್ಕೆ ಎಳೆದು ಕೂರಿಸಿದ್ದಾರೆ. ಉದ್ದ 91.3 ಮೀಟರ್. 1969ರ ಡಿಸೆಂಬರ್‌ನಲ್ಲಿ ರಷ್ಯನ್ನರಿಂದ ಪಡೆದದ್ದು, 2001ರಲ್ಲಿ ನಿವೃತ್ತಿ, 2002ರಿಂದ ಮ್ಯೂಸಿಯಂ. ಇದು ನಿಜವಾಗಿಯೂ 1971ರ ಯುದ್ಧದಲ್ಲಿ ಗಸ್ತು ತಿರುಗಿದ್ದು, ರಣಕಹಳೆ ಅವರು ಸಮಾಧಾನ ಮಾಡ್ಕೊಳ್ಳಬಹುದು.

ಒಂದು ತುದಿಯಿಂದ ಒಳಗೆ ಹೋಗಿ ಇನ್ನೊಂದು ತುದಿಯಿಂದ ಹೊರಗೆ ಬರ್ತೀರಿ. ಒಟ್ಟು ಏಳು ಕೋಣೆ, ಒಂದರಿಂದ ಒಂದಕ್ಕೆ ದಾಟೋಕೆ ದುಂಡಗಿನ ತೂತು. ಮೊದಲು ಕಾಲು ಹಾಕಿ, ಸೊಂಟ ಬಗ್ಗಿಸಿ, ಆಮೇಲೆ ತಲೆ. ನನ್ನಂಥ ಹೊಟ್ಟೆ ಇದ್ದೋರಿಗೆ ಪ್ರಾಣಸಂಕಟ. ಮುಂದಿನ ಕೋಣೆಯಲ್ಲಿ ಆರು, ಹಿಂದೆ ನಾಲ್ಕು ಟಾರ್ಪೆಡೋ ಕೊಳವೆ. ಟಾರ್ಪೆಡೋ ಪಕ್ಕದಲ್ಲೇ ಮಲಗೋ ಹಲಗೆ. ಸುಮಾರು 75 ಜನ ಇದರೊಳಗೆ ವಾರಗಟ್ಟಲೆ. ಸಿಹಿನೀರು ಕುಡಿಯೋಕೆ, ಅಡುಗೆಗೆ ಮಾತ್ರ, ಸ್ನಾನದ ಮಾತೇ ಇಲ್ಲ. ತೋರಿಸೋರು ನಿವೃತ್ತ ನಾವಿಕರೇ. ಸೀನಣ್ಣನ ಮಾಸಿದ ಚೀಟಿಗೆ ಉತ್ತರ ಅದು, ಕೆಲಸ ಮಾಡಿದವನೇ ಪಕ್ಕದಲ್ಲಿ ನಿಂತು ಹೇಳಿದ್ರೆ ಚೀಟಿ ಯಾಕೆ ಬೇಕು? ರಸ್ತೆ ಆ ಕಡೆ ಟುಪೊಲೆವ್-142 ವಿಮಾನ, 2017ರಿಂದ ಅದೂ ಮ್ಯೂಸಿಯಂ. ಅದೇ ಜಾತಿಯ ಇನ್ನೊಂದು ವಿಮಾನವನ್ನ ಈಗ ಕಾರವಾರದಲ್ಲೂ ಚಾಪೆಲ್ ಹತ್ರ ತಂದು ಜೋಡಿಸಿದ್ದಾರೆ. ಟೀಚರ್‌ಗೆ ಅದು ಲಾಭ.


ಶಿಕಾರಿಪುರದ ಅಳಿಯ

ಹಡಗಿನ ಮಾತಿಗೆ ನಮ್ಮ ಪಕ್ಕದ ತಾಲ್ಲೂಕನ್ನ ಯಾರೂ ನೆನೀಲಿಲ್ಲ. ಗುಜರಾತಿನ ಲೋಥಲ್‌ನಲ್ಲಿ ಹರಪ್ಪ ಕಾಲದ ಊರನ್ನ ಅಗೆದು, ಇನ್ನೂರು ಮೀಟರ್‌ಗೂ ಉದ್ದದ ಇಟ್ಟಿಗೆ ಕಟ್ಟೆಯ ಕೊಳ ಹಡಗು ನಿಲ್ಲೋ ಜಾಗ ಅಂತ ವಾದಿಸಿದ ಎಸ್. ಆರ್. ರಾವ್ ಅವರ ಹೆಸರಿನ ಮೊದಲ ಅಕ್ಷರವೇ ಶಿಕಾರಿಪುರ. ಅದು ಹಡಗುಕಟ್ಟೆ ಅಲ್ಲ, ನೀರಿನ ಕೆರೆ ಅನ್ನೋ ವಿದ್ವಾಂಸರೂ ಇದ್ದಾರೆ. ಆ ಜಗಳವನ್ನೂ ಮಕ್ಕಳಿಗೆ ಹೇಳಿ, ಕೆರೆ ನೋಡಿ ಬೆಳೆದ ಮಕ್ಕಳು, ಅವರಿಗೊಂದು ಅಭಿಪ್ರಾಯ ಇರುತ್ತೆ.


ಹೊಳಲ್ಕೆರೆ ತಾಯಿ

ಇತಿಹಾಸ ಎಲ್ಲಾ ಸರಿ. ನಾನು ಬೇರೆ ಮಾತಾಡ್ತೀನಿ, ಕೋಪ ಮಾಡ್ಕೋಬೇಡಿ.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ಸಮುದ್ರದಲ್ಲಿ ತೀರಿಕೊಂಡ್ರು. ಕೋಲಾರ ಜಿಲ್ಲೆಯಿಂದ ಬಂದಿದ್ದವು, ನಮ್ಮ ಮಕ್ಕಳ ಹಾಗೆ ಬಯಲುಸೀಮೆಯವು. ಕೆರೆಯಲ್ಲಿ ಈಜು ಬರುತ್ತೆ ಅಂತ ಹುಡುಗರು ಸಮುದ್ರಕ್ಕೂ ಇಳೀತಾರೆ. ಕೆರೆ ನೀರು ಎಳೆಯಲ್ಲ, ಅಲೆ ವಾಪಸ್ ಹೋಗೋವಾಗ ಕಾಲ ಕೆಳಗಿನ ಮರಳನ್ನೇ ಎಳ್ಕೊಂಡು ಹೋಗುತ್ತೆ. ಈ ಮ್ಯೂಸಿಯಂ ಬೀಚಿಗೆ ಅಂಟಿಕೊಂಡಿದೆ ಅಂತ ಬಸಣ್ಣ ಅವರೇ ಹೇಳಿದ್ರಲ್ಲ. ಬಸ್ಸಿಂದ ಇಳಿದ ಕೂಡಲೇ ಅರ್ಧ ಮಕ್ಕಳು ನೀರಿನ ಕಡೆ ಓಡ್ತಾರೆ.

ನೀರಿಗೆ ಯಾರೂ ಇಳಿಯೋ ಹಾಗಿಲ್ಲ ಅಂತ ಪೋಷಕರ ಸಭೆಯಲ್ಲೇ ಹೇಳಿ, ಬರೆಸಿಕೊಳ್ಳಿ. ಹೆಣ್ಣುಮಕ್ಕಳಿದ್ದಾರೆ ಅಂದ್ರೆ ಇಬ್ಬರಾದ್ರೂ ಶಿಕ್ಷಕಿಯರು ಬೇಕು. ರಾತ್ರಿ ಉಳಿಯೋ ಜಾಗದ ಶೌಚಾಲಯ ಫೋನಲ್ಲಿ ಕೇಳಿದ್ರೆ ಎಲ್ಲರೂ ಚೆನ್ನಾಗಿದೆ ಅಂತಾರೆ, ಗೊತ್ತಿರೋರಿಂದ ನೋಡಿಸಿ. ಘಟ್ಟ ಇಳಿಯೋವಾಗ ಖಾಲಿ ಹೊಟ್ಟೆ ಬೇಡ, ತುಂಬಿದ ಹೊಟ್ಟೆನೂ ಬೇಡ. ಮಂಡಕ್ಕಿ ಇಟ್ಕೊಳ್ಳಿ, ಒಂದೊಂದು ಹಿಡಿ ಕೊಡ್ತಾ ಇರಿ.


ನಿವೃತ್ತ ನಾವಿಕ, ಹರಿಹರ

ಆ ತಾಯಿ ಹೇಳಿದ್ದನ್ನ ಮೊದಲು ಬರ್ಕೊಳ್ಳಿ. ಇಷ್ಟು ವರ್ಷ ಸಮುದ್ರದ ಮೇಲಿದ್ದವನು ನಾನು, ಗೊತ್ತಿಲ್ಲದ ಬೀಚಿನಲ್ಲಿ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯಲ್ಲ. ಹಡಗಿನ ಕಬ್ಬಿಣದ ಏಣಿಯಲ್ಲಿ ಮುಖ ಏಣಿ ಕಡೆಗೇ ಇಟ್ಟು ಇಳೀಬೇಕು, ಮನೆ ಮೆಟ್ಟಿಲು ಇಳಿದ ಹಾಗೆ ಇಳಿದ್ರೆ ಜಾರ್ತಾರೆ. ಹವಾಯಿ ಚಪ್ಪಲಿ ಬೇಡ, ಶೂ ಹಾಕಿಸಿ. ಒಂದು ಸಲಕ್ಕೆ ಹತ್ತು ಹನ್ನೆರಡು ಮಕ್ಕಳನ್ನ ಮಾತ್ರ ಒಳಗೆ ಬಿಡಿ, ಉಳಿದವರು ವಿಮಾನ ನೋಡ್ತಾ ಇರಲಿ. ಎಲ್ಲರೂ ಒಟ್ಟಿಗೆ ನುಗ್ಗಿದ್ರೆ ಮುಂದಿನವನ ಬೆನ್ನು ಬಿಟ್ಟು ಬೇರೇನೂ ಕಾಣಲ್ಲ.


ಕೋಟೆ ಸೀನ, ದುರ್ಗ

ಹಿಂಗೆ ಹೋಗೋದಾದ್ರೆ ನನ್ನ ತಕರಾರಿಲ್ಲ. ಆದ್ರೆ ಒಂದು ಷರತ್ತು ಟೀಚರ್. ಕಾರವಾರಕ್ಕೆ ಮುಂಚೆ ಒಂದು ಶನಿವಾರ ಮಕ್ಕಳನ್ನ ಚಂದ್ರವಳ್ಳಿಗೆ ಕರ್ಕೊಂಡು ಬನ್ನಿ, ಜಗಳೂರಿಂದ ದುರ್ಗ ಎಷ್ಟು ದೂರ. ಮೇಷ್ಟ್ರು ಶಾಸನ ತೋರಿಸಲಿ, ನಾನು ಕೋಟೆ ಹತ್ತಿಸ್ತೀನಿ, ಓಬವ್ವನ ಕಿಂಡಿಯಲ್ಲಿ ಫೋಟೋಗಿಂತ ಹೆಚ್ಚು ಹೊತ್ತು ನಿಲ್ಲಿಸಿ ಮಾತಾಡ್ತೀನಿ. ಮಧ್ಯಾಹ್ನದ ಚಿತ್ರಾನ್ನ ನನ್ನ ಕಡೆಯಿಂದ.


ಜಗಳೂರು ಟೀಚರ್

ಇಷ್ಟೊಂದು ಬರುತ್ತೆ ಅಂದ್ಕೊಂಡಿರಲಿಲ್ಲ. ಹೆಡ್‌ಮಾಸ್ಟ್ರಿಗೆ ತೋರಿಸಿದೆ. ಅವರು ಎಲ್ಲಾ ಓದಿ "ಹತ್ತಿ ವಿಷಯ ನನಗೆ ಗೊತ್ತೇ ಇರಲಿಲ್ಲ" ಅಂದ್ರು, ಮುರುಡೇಶ್ವರದ ಮಾತು ಬಂದಾಗ ಸುಮ್ಮನಾದ್ರು. ಕೊನೆಗೆ ಒಪ್ಪಿದ್ದಾರೆ, ಎರಡು ಷರತ್ತು: ನೀರಿಗೆ ಯಾರೂ ಇಳಿಯೋ ಹಾಗಿಲ್ಲ, ಶಿಕ್ಷಕಿಯರು ಮೂವರು.

ಈಗಿನ ಲೆಕ್ಕ ಹೀಗಿದೆ. ನವೆಂಬರ್‌ನ ಒಂದು ಶನಿವಾರ ಚಂದ್ರವಳ್ಳಿ, ಕೋಟೆ. ಸೀನ ಅವರೇ, ಚಿತ್ರಾನ್ನ ಎಪ್ಪತ್ತು ಜನಕ್ಕೆ ಅನ್ನೋದು ನೆನಪಿರಲಿ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಬೇಗ ಹೊರಟು ಹಾವೇರಿ ಮೇಲೆ ಬನವಾಸಿ, ರಾತ್ರಿ ಶಿರಸಿಯಲ್ಲಿ ತಂಗೋದು, ಮರುದಿನ ಘಟ್ಟ ಇಳಿದು ಕುಮಟೆ, ಕಾರವಾರ. ದೇವಿಮನೆ ರಸ್ತೆ ಆಗ ತೆರೆದಿರುತ್ತಾ ಅಂತ ಶಿರಸಿ ಕಡೆಯವರು ಯಾರಾದ್ರೂ ತಿಳಿಸಿ, ಇಲ್ಲಾಂದ್ರೆ ಯಲ್ಲಾಪುರ, ಅರಬೈಲು ಘಟ್ಟದ ಮೇಲೆ ಹೋಗ್ಬೇಕಾಗುತ್ತೆ. ಮ್ಯೂಸಿಯಂ ಯಾವ ವಾರ ರಜೆ, ಎಷ್ಟು ಹೊತ್ತಿಗೆ ತೆಗೀತಾರೆ ಅನ್ನೋದನ್ನ ನಾನೇ ಫೋನ್ ಮಾಡಿ ಕೇಳ್ತೀನಿ.

ನಾವಿಕರೇ, ನಿಮ್ಮದೊಂದು ಮಾತು ಮನಸ್ಸಲ್ಲಿ ಕೂತಿದೆ. ಬಸ್ಸು ಹೇಗೂ ಹರಿಹರದ ಮೇಲೇ ಹೋಗುತ್ತೆ.


ನಿವೃತ್ತ ನಾವಿಕ, ಹರಿಹರ

ಕೇಳೋದೇ ಬೇಡ ತಾಯಿ. ಬೈಪಾಸಲ್ಲಿ ನಿಂತಿರ್ತೀನಿ. ಎಂಜಿನ್ ರೂಮ್ ನನಗೆ ಬಿಡಿ.


ಜಗಳೂರು ಟೀಚರ್

ಹೊರಗಿನವರು ಶಾಲಾ ಬಸ್ಸಲ್ಲಿ ಬರೋಕೆ ಬಿಇಒ ಆಫೀಸಿನ ಒಪ್ಪಿಗೆ ಬೇಕಂತೆ ಸರ್. ಸೋಮವಾರ ಅರ್ಜಿ ಕೊಟ್ಟು ಇಲ್ಲೇ ತಿಳಿಸ್ತೀನಿ. ನಿಮ್ಮ ನಿವೃತ್ತಿ ಗುರುತಿನ ಚೀಟಿಯ ಒಂದು ಜೆರಾಕ್ಸ್ ತಯಾರಿಟ್ಟುಕೊಳ್ಳಿ.